ಒಂದು ಸುತ್ತೂ ತಿರುಗದೆ ಸವೆಯುವ ಬೇರಿಂಗ್

ಬೇರಿಂಗ್ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಗಿರಗಿರ ತಿರುಗುವ ವಸ್ತು. ಅದರ ಆಯುಷ್ಯವನ್ನೂ ‘ಇಷ್ಟು ಮಿಲಿಯನ್ ಸುತ್ತು’ ಅಂತಲೇ ಲೆಕ್ಕ ಹಾಕುತ್ತೇವೆ. ಆದರೆ ಹಳೆಯ ಮಿಲಿಟರಿ ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಒಂದು ಪೂರ್ತಿ ಸುತ್ತೂ ತಿರುಗದ ನಾಲ್ಕು ಬೇರಿಂಗ್‌ಗಳಿವೆ. ಆದರೂ ಅವು ಸವೆಯುತ್ತವೆ. ಹೇಗೆ? ಯರಗಟ್ಟಿಯ ಒಂದು ಗ್ಯಾರೇಜಿನಲ್ಲಿ ಇಂಥ ಕೆಲಸ ನೋಡಿ, ನಾವೂ ಕೈಜೋಡಿಸಿ ತಿಳಿದುಕೊಂಡದ್ದು ಇಲ್ಲಿದೆ.

ಮೊದಲು ಗಾಡಿಯ ಬಗ್ಗೆ. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂಬಿ ನಮಗೆ ಜೀಪ್. ಅಮೆರಿಕದ ಸೇನೆಯ ಕಾಗದಪತ್ರಗಳಲ್ಲಿ ಮಾತ್ರ ಅದು ‘ಕಾಲು ಟನ್ ಟ್ರಕ್’! ಸ್ವಾತಂತ್ರ್ಯದ ನಂತರ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಹಾಗಾಗಿ ಇದೇ ಬಗೆಯ ಆಕ್ಸಲ್ ನಮ್ಮ ಕಡೆಯ ಹಳೆ ಜೀಪುಗಳಲ್ಲೂ ಸಿಗುತ್ತದೆ.

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾಗಿರೋದು ಸ್ಟೀರಿಂಗ್ ನಕಲ್. ಅದು ಮೇಲೊಂದು, ಕೆಳಗೊಂದು ಟೇಪರ್ ರೋಲರ್ ಬೇರಿಂಗ್ ಮೇಲೆ ಕೂತಿರುತ್ತದೆ. ನಕಲ್ ಎರಡೂ ಬದಿಗೆ 30 ಡಿಗ್ರಿಯಷ್ಟೂ ತಿರುಗುವುದಿಲ್ಲ. ಗಾಡಿ ಹೆಚ್ಚಿನ ಹೊತ್ತು ನೇರವಾಗಿಯೇ ಓಡೋದರಿಂದ ರೋಲರ್‌ಗಳು ಕಪ್ಪಿನ ಅವೇ ಜಾಗಗಳನ್ನು ವರ್ಷಗಟ್ಟಲೆ ಕುಟ್ಟುತ್ತವೆ. ಗ್ರೀಸ್ ಅಲ್ಲಿಂದ ಸರಿಯುತ್ತದೆ. ಸೀಲ್ ಹರಿದಿದ್ದರೆ ಎರೆಮಣ್ಣಿನ ಕೆಸರುನೀರೂ ಒಳಗೆ ಸೇರುತ್ತದೆ. ಕೊನೆಗೆ ಕಪ್ಪಿನಲ್ಲಿ ಸಾಲಾಗಿ ಗೀರುಗುಳಿ ಬೀಳುತ್ತವೆ.

ಪರಿಣಾಮ ಸಣ್ಣದಲ್ಲ. ಒಂದು ಗುಂಡಿ ಸಿಕ್ಕರೆ ಸಾಕು, ಮುಂದಿನ ಚಕ್ರಗಳು ಜೋರಾಗಿ ಗಡಗಡ ನಡುಗುತ್ತವೆ. ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಹೀಗಾದರೆ ಗಾಡಿಯನ್ನು ಹಿಡಿಯೋದೇ ಕಷ್ಟ. ಹಲವರು ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡಿಸಿ ಸುಮ್ಮನಾಗುತ್ತಾರೆ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಪತ್ತೆ ಮಾಡೋದು ಸುಲಭ. ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿತು ಅಂದ್ರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ನಿಲ್ಲದಿದ್ದರೆ ನಕಲ್ ಬೇರಿಂಗಿನದು. ಆಮೇಲೆ ಟೈ ರಾಡ್ ಬಿಚ್ಚಿ ನಕಲ್ ಅನ್ನು ಕೈಯಿಂದ ತಿರುಗಿಸಿ. ನೇರ ಸ್ಥಾನದಲ್ಲಿ ‘ಟಕ್’ ಅಂತ ಸಿಕ್ಕಿಕೊಂಡರೆ ಗುಳಿ ಬಿದ್ದಿವೆ ಎಂದರ್ಥ.

ಇಲ್ಲೇ ಮುಖ್ಯ ಪಾಠ. ನಕಲ್ ಕ್ಯಾಪ್‌ಗಳ ಅಡಿಯಲ್ಲಿ ಶಿಮ್ ಎಂಬ ತೆಳು ತಗಡುಗಳಿರುತ್ತವೆ. ಶಿಮ್ ತೆಗೆದರೆ ಬೇರಿಂಗ್ ಬಿಗಿಯಾಗುತ್ತದೆ, ಅಲುಗಾಟ ನಿಂತಂತೆ ಕಾಣುತ್ತದೆ. ಆದರೆ ರೋಲರ್ ಗುಳಿಯಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ, ತಿರುವಿನ ನಂತರ ಸ್ಟೀರಿಂಗ್ ಸರಾಗವಾಗಿ ವಾಪಸ್ ಬರುವುದಿಲ್ಲ. ಗ್ಯಾರೇಜಿನ ಮೇಸ್ತ್ರಿ ಕಾಕಾ ಒಂದೇ ಮಾತಿನಲ್ಲಿ ಹೇಳಿದರು: “ತಗ್ಗ ಬಿದ್ದ ಮ್ಯಾಲ ಬಿಗಿ ಮಾಡಿದ್ರ ಏನ್ ಬಂತು? ಬದ್ಲಿ ಮಾಡಬೇಕ್ ನೋಡ್ರಿ.”

ಬದಲಿಸುವ ಕ್ರಮ ಹೀಗಿದೆ. ಚಕ್ರ, ಹಬ್, ಬ್ರೇಕ್ ಪ್ಲೇಟ್, ಸ್ಪಿಂಡಲ್ ಬಿಚ್ಚಿ ಆಕ್ಸಲ್ ಶಾಫ್ಟ್ ಹೊರಗೆಳೆಯಬೇಕು. ಸೀಲ್ ತೆಗೆದು, ಮೇಲಿನ ಕೆಳಗಿನ ಕ್ಯಾಪ್ ಬಿಚ್ಚುವಾಗ ಶಿಮ್‌ಗಳನ್ನು ಬೇರೆ ಬೇರೆ ಕಟ್ಟಿಡಿ. ಹಳೆ ಕಪ್‌ಗಳನ್ನು ಪಂಚ್‌ನಿಂದ ಸುತ್ತಲೂ ಸಮನಾಗಿ ಬಡಿದು ತೆಗೆಯಿರಿ. ಕೋನ್ ನಂಬರ್ 11590, ಕಪ್ ನಂಬರ್ 11520. ಎರಡೂ ಹೊಸವೇ ಇರಲಿ. ಹಳೆ ಕಪ್ಪಿಗೆ ಹೊಸ ಕೋನ್ ಹಾಕಿದರೆ ಅದೂ ಬೇಗ ಕೆಡುತ್ತದೆ. ರೋಲರ್‌ಗಳ ಸಂದಿಯಲ್ಲೆಲ್ಲ ಗ್ರೀಸ್ ತುಂಬಿ ಜೋಡಿಸಿ.

ಸೀಲ್ ಹಾಕುವ ಮೊದಲೇ ಬಿಗಿತ ಅಳೆಯಬೇಕು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ, ತೂಕ ಮಾಡುವ ಸ್ಪ್ರಿಂಗ್ ಕಾಟಾ ಸಾಕು. ಅದರ ಕೊಕ್ಕೆಯನ್ನು ಟೈ ರಾಡ್ ತೂತಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ನಕಲ್ ಒಂದೇ ಸಮನೆ ತಿರುಗುವಾಗ ಕಾಟಾ ತೋರಿಸುವ ಅಂಕಿಯನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್ ಜೊತೆ ಹೋಲಿಸಿ. ಕಡಿಮೆ ಬಂದರೆ ಶಿಮ್ ತೆಗೆಯಿರಿ, ಹೆಚ್ಚಾದರೆ ಸೇರಿಸಿ. ಕೊನೆಗೆ ಹೊಸ ಸೀಲ್ ಹಾಕಲು ಮರೆಯಬೇಡಿ. ಕೆಸರುನೀರನ್ನು ಹೊರಗೆ ತಡೆಯೋದು ಅದೇ.

ಸುತ್ತುಗಳ ಲೆಕ್ಕ ನಮಗೆ ಬೇಕೇ ಬೇಕು. ಆದರೆ ನಿಂತಲ್ಲೇ ಭಾರ ಹೊರುವ ಬೇರಿಂಗಿಗೆ ಆ ಲೆಕ್ಕ ಸಾಲದು. ಅದು ಎಷ್ಟು ತಿರುಗಿತು ಅನ್ನೋದಕ್ಕಿಂತ ಎಲ್ಲಿ ನಿಂತು ಪೆಟ್ಟು ತಿಂದಿತು ಅನ್ನೋದನ್ನ ನೋಡಬೇಕು.