ಕಾವೇರಿಯ ಡುಬ್ಬದ ಮಶೀರ್ ಮೀನು ಮತ್ತು ಜಲಚರಗಳ ಹೊಸ ಜಾತಿಗಳನ್ನು ಗುರುತಿಸುವ ಕ್ರಮ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹಳ್ಳಕೊಳ್ಳಗಳ ನೀರೆಲ್ಲವೂ ಕಡೆಗೆ ಕಾವೇರಿಯನ್ನೇ ಸೇರುವುದು. ಸುವರ್ಣಾವತಿ ಹೊಳೆಯು ಯಳಂದೂರಿನ ಗದ್ದೆಬಯಲನ್ನು ಹಾದು ಬಂದು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡುವುದು. ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿದ ನದಿಯು ಮುಂದೆ ಹನೂರಿನ ಕಾಡುಗಳ ಅಂಚಿನಲ್ಲಿ ಬಂಡೆಗಳ ಮಧ್ಯೆ ಹರಿದು ಹೊಗೇನಕಲ್ಲಿನತ್ತ ಸಾಗುವುದು. ಈ ಹೊಳೆಗಳಲ್ಲಿಯೂ, ಕೆರೆಕಾಲುವೆಗಳಲ್ಲಿಯೂ, ಗದ್ದೆಯ ಬದುಗಳಲ್ಲಿಯೂ ಮೀನು, ಏಡಿ, ಸೀಗಡಿ, ಮೃದ್ವಂಗಿ ಮುಂತಾದ ಬಗೆಬಗೆಯ ಜಲಚರಗಳು ವಾಸಿಸುವುವು. ರೈತರಿಗೂ ಬೆಸ್ತರಿಗೂ ಇವುಗಳ ಪರಿಚಯವು ತಲೆಮಾರುಗಳಿಂದ ಬಂದುದಾಗಿದೆ.

ಆದರೆ ಪರಿಚಯವೇ ಬೇರೆ, ಶಾಸ್ತ್ರೀಯವಾದ ಗುರುತೇ ಬೇರೆ. ಕಾವೇರಿಯ ಮೀನುಗಳಲ್ಲಿಯೇ ಅತಿ ದೊಡ್ಡವುಗಳಲ್ಲೊಂದಾದ ಡುಬ್ಬದ ಮಶೀರ್ ಎಂಬ ಮೀನು ಯಾವ ಜಾತಿಗೆ ಸೇರಿದುದೆಂಬುದು ೨೦೧೮ನೆಯ ಇಸವಿಯವರೆಗೆ ನಿಶ್ಚಯವಾಗಿರಲಿಲ್ಲ. ಆ ವಿಳಂಬದಿಂದ ಆದ ನಷ್ಟವು ಅಲ್ಪವಲ್ಲ. ಜಲಚರಗಳ ಹೊಸ ಜಾತಿಗಳನ್ನು ಗುರುತಿಸುವ ಕ್ರಮವೆಂತಹುದು, ಆ ಕೆಲಸವು ಸಕಾಲದಲ್ಲಿ ನಡೆಯದಿದ್ದರೆ ಏನಾಗುವುದು ಎಂಬ ಎರಡು ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೊಸ ಜಾತಿ ಎಂದರೇನು?

ಹೊಸ ಜಾತಿ ಎಂದರೆ ಹೊಸದಾಗಿ ಹುಟ್ಟಿದ ಪ್ರಾಣಿಯೆಂದು ತಿಳಿಯಬಾರದು. ಅದು ಸಾವಿರಾರು ವರ್ಷಗಳಿಂದ ಅದೇ ನೀರಿನಲ್ಲಿ ಬಾಳಿಕೊಂಡು ಬಂದಿರಬಹುದು. ಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ಅದರ ಸಂಬಂಧಿಗಳಿಂದ ಅದು ಬೇರೆಯೆಂಬುದನ್ನು ಸಿದ್ಧಪಡಿಸಿ, ಹೆಸರಿಟ್ಟು ಪ್ರಕಟಿಸುವುದು ಮಾತ್ರವೇ ಹೊಸದು.

ಈ ಕಾರ್ಯಕ್ಕೆ ನಿಯಮಗಳುಂಟು. ಪ್ರತಿಯೊಂದು ಪ್ರಾಣಿಗೂ ಎರಡು ಪದಗಳ ಹೆಸರು ಇರತಕ್ಕದ್ದು. ಮೊದಲನೆಯದು ಕುಲದ ಹೆಸರು, ಎರಡನೆಯದು ಜಾತಿಯ ಹೆಸರು. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ೧೭೫೮ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಾಣಿಗಳ ನಾಮಕರಣದ ಈ ಪದ್ಧತಿಯನ್ನು ಎಣಿಸುವುದು ವಾಡಿಕೆ. ಹೆಸರಿಡುವವರು ಆ ಪ್ರಾಣಿಯ ಒಂದು ಮಾದರಿಯನ್ನು ಆರಿಸಿ, ಕೆಡದಂತೆ ಸಂಗ್ರಹಾಲಯದಲ್ಲಿ ಇರಿಸಬೇಕು. ಮುಂದೆ ಯಾರಿಗೆ ಸಂದೇಹ ಬಂದರೂ ಆ ಮಾದರಿಯೊಡನೆ ಹೋಲಿಸಿ ನೋಡಬಹುದು. ೧೯೧೬ರಲ್ಲಿ ಸ್ಥಾಪಿತವಾಗಿ ಕಲ್ಕತ್ತೆಯನ್ನು ಕೇಂದ್ರವಾಗಿ ಉಳ್ಳ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಇಂತಹ ಮಾದರಿಗಳು ಅನೇಕವಿವೆ. ಒಂದೇ ಪ್ರಾಣಿಗೆ ಇಬ್ಬರು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದ ಹೆಸರೇ ನಿಲ್ಲುವುದು.

ಏಡಿಗಳ ಉದಾಹರಣೆ

ಈ ಕ್ರಮವನ್ನು ತಿಳಿಯುವುದಕ್ಕೆ ಸಿಹಿನೀರಿನ ಏಡಿಯು ಉತ್ತಮವಾದ ನಿದರ್ಶನ. ಸಮುದ್ರದ ಏಡಿಯ ಮೊಟ್ಟೆಗಳಿಂದ ಹೊರಬರುವ ಮರಿಗಳು ತಾಯಿಯ ರೂಪವನ್ನು ಹೋಲುವುದಿಲ್ಲ. ಅವು ಮೊದಲು ನೀರಿನಲ್ಲಿ ತೇಲುತ್ತ ಈಜುತ್ತ ದೂರದೂರಕ್ಕೆ ಹರಡಿ, ಹಲವು ಅವಸ್ಥೆಗಳನ್ನು ದಾಟಿ ಏಡಿಗಳಾಗುವುವು. ಗದ್ದೆಹಳ್ಳಗಳ ಏಡಿಯಾದರೋ ತನ್ನ ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಇಟ್ಟುಕೊಂಡು ಕಾಯುವುದು. ಅವುಗಳಿಂದ ನೇರವಾಗಿ ಪುಟ್ಟ ಏಡಿಮರಿಗಳೇ ಹೊರಬರುವುವು. ಆದುದರಿಂದ ಇವು ಹುಟ್ಟಿದ ಹಳ್ಳವನ್ನು ಬಿಟ್ಟು ಬಹುದೂರ ಹೋಗಲಾರವು. ಒಂದು ಬೆಟ್ಟದ ಏಡಿಯು ಇನ್ನೊಂದು ಬೆಟ್ಟದ ಏಡಿಯೊಡನೆ ಬೆರೆಯದೆ, ಕಾಲಕ್ರಮದಲ್ಲಿ ಬೇರೆ ಬೇರೆ ಜಾತಿಗಳಾಗಿ ಬೆಳೆಯುವುದಕ್ಕೆ ಇದು ಮುಖ್ಯವಾದ ಕಾರಣ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದ ಕಾಡಿನಲ್ಲಿ ಬಂಡೆಗಳ ಸಂದಿನಲ್ಲಿ ವಾಸಿಸುವ ಎರಡು ಬಣ್ಣದ ಏಡಿಯೊಂದನ್ನು ೨೦೨೨ರಲ್ಲಿ ಹೊಸ ಜಾತಿಯೆಂದು ಪ್ರಕಟಿಸಲಾಯಿತು. ಅದಕ್ಕೆ ಘಟಿಯಾನ ದ್ವಿವರ್ಣ ಎಂದು ಹೆಸರಾಯಿತು. ಅದನ್ನು ಮೊದಲು ಗಮನಿಸಿದವರು ದೂರದ ಪಂಡಿತರಲ್ಲ. ದಿನವೂ ಆ ಕಾಡಿನಲ್ಲಿ ಓಡಾಡುತ್ತಿದ್ದ ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಪ್ರಕೃತಿಯನ್ನು ಅಭ್ಯಾಸ ಮಾಡುವ ಸ್ಥಳೀಯರು. ಪರೀಕ್ಷೆಯಾದ ಮೇಲೆ ಪ್ರಕಟವಾದ ವರದಿಯ ಲೇಖಕರಲ್ಲಿ ಅವರ ಹೆಸರುಗಳೂ ಸೇರಿದುವು. ಏಡಿಗಳಲ್ಲಿ ಬಣ್ಣವೊಂದನ್ನೇ ನಂಬಿ ಜಾತಿಯನ್ನು ನಿರ್ಣಯಿಸಲಾಗುವುದಿಲ್ಲ. ಗಂಡು ಏಡಿಯ ಹೊಟ್ಟೆಯ ಮಡಿಕೆಯೊಳಗೆ ಇರುವ ಜನನಾಂಗದ ಕಡ್ಡಿಗಳ ಆಕಾರವು ಜಾತಿ ಜಾತಿಗೆ ಬೇರೆಯಾಗಿರುವುದರಿಂದ ಅದನ್ನೇ ಮುಖ್ಯ ಲಕ್ಷಣವಾಗಿ ಪರಿಗಣಿಸುವರು. ಬೆನ್ನುಚಿಪ್ಪಿನ ಆಕಾರ, ಕೊಂಡಿಗಳ ರಚನೆ ಇತ್ಯಾದಿಗಳನ್ನು ಅದರೊಂದಿಗೆ ನೋಡುವರು.

ಡುಬ್ಬದ ಮಶೀರ್

ಏಡಿಯಂತಹ ಸಣ್ಣ ಪ್ರಾಣಿಯು ಬಂಡೆಯ ಸಂದಿನಲ್ಲಿ ಬಹುಕಾಲ ಕಣ್ಣಿಗೆ ಬೀಳದೆ ಇರುವುದು ಆಶ್ಚರ್ಯವಲ್ಲ. ಆದರೆ ಒಬ್ಬ ಆಳಿನಷ್ಟು ತೂಗುವ ಮೀನು ಎಲ್ಲರ ಕಣ್ಣೆದುರಿನಲ್ಲಿದ್ದೂ ಗುರುತಾಗದೆ ಉಳಿದುದು ಆಶ್ಚರ್ಯಕರವಾದುದು.

ಮಶೀರ್ ಮೀನುಗಳು ಗೆಂಡೆಮೀನಿನ ವಂಶಕ್ಕೆ ಸೇರಿದುವು. ದೊಡ್ಡ ಹುರುಪೆಗಳು, ದಪ್ಪನಾದ ತುಟಿಗಳು, ಬಾಯಿಯ ಬಳಿ ಎರಡು ಜೊತೆ ಮೀಸೆಗಳು ಇವುಗಳ ಲಕ್ಷಣಗಳು. ರಭಸವಾಗಿ ಹರಿಯುವ ನೀರು, ಬಂಡೆಗಳ ನಡುವಿನ ಆಳವಾದ ಮಡುಗಳು ಇವುಗಳಿಗೆ ಇಷ್ಟವಾದ ನೆಲೆ. ಕಾವೇರಿಯ ದೇಶೀ ಮಶೀರಿನಲ್ಲಿ ತಲೆಯ ಹಿಂದೆ ಬೆನ್ನು ಎತ್ತಿನ ಹಿಣಿಲಿನಂತೆ ಉಬ್ಬಿರುವುದು. ರೆಕ್ಕೆಗಳು ಕಿತ್ತಳೆಯ ಬಣ್ಣಕ್ಕೆ ತಿರುಗಿರುವುವು.

ಮದರಾಸು ಸಿವಿಲ್ ಸೇವೆಯಲ್ಲಿದ್ದ ಎಚ್. ಎಸ್. ಥಾಮಸ್ ಎಂಬವರು ೧೮೭೩ರಲ್ಲಿ ಗಾಳದ ಮೀನುಬೇಟೆಯ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದಂದಿನಿಂದ ಈ ಸೀಮೆಯ ಮಶೀರಿನ ಕೀರ್ತಿಯು ಹೊರದೇಶಗಳಿಗೂ ಹಬ್ಬಿತು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಜೆನ್ ಮನೆತನದವರೊಬ್ಬರು ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಕದ ಮಶೀರನ್ನು ಹಿಡಿದರು. ಇಷ್ಟು ಪ್ರಸಿದ್ಧಿಯಿದ್ದರೂ ಅದರ ಜಾತಿಯ ವಿಷಯದಲ್ಲಿ ಗೊಂದಲವೇ ಇದ್ದಿತು. ಕರ್ನಲ್ ಸೈಕ್ಸ್ ಎಂಬವರು ೧೮೩೯ರಲ್ಲಿ ದಖ್ಖನ್ನಿನ ಮೀನೊಂದಕ್ಕೆ ಕೊಟ್ಟಿದ್ದ ಮುಸ್ಸುಲ್ಲಾ ಎಂಬ ಹೆಸರನ್ನು ಬಹುಕಾಲ ಇದಕ್ಕೆ ಹಚ್ಚುತ್ತಿದ್ದರು. ಆ ಹೆಸರಿನ ಮೀನು ಮಶೀರ್ ಕುಲಕ್ಕೇ ಸೇರಿದುದಲ್ಲವೆಂಬುದು ಇತ್ತೀಚಿನ ಸಂಶೋಧನೆಯಿಂದ ತಿಳಿದುಬಂದಿತು. ಹೀಗೆ ಕಾವೇರಿಯ ದೊಡ್ಡ ಮೀನಿಗೆ ಇದ್ದ ಹೆಸರೂ ಇಲ್ಲದಂತಾಯಿತು.

ಹೆಸರು ದೊರೆತ ಬಗೆ

ಪರಿಹಾರವು ದೊರೆತುದು ಕೇರಳದ ಒಂದು ಸಣ್ಣ ಹೊಳೆಯಿಂದ. ಕೇರಳದ ಹೊಳೆಗಳು ಬಹುಮಟ್ಟಿಗೆ ಪಶ್ಚಿಮಕ್ಕೆ ಹರಿದು ಸಮುದ್ರವನ್ನು ಸೇರುವುವು. ಕಬಿನಿ, ಭವಾನಿ, ಪಾಂಬಾರ್ ಎಂಬ ಮೂರು ಮಾತ್ರ ಪೂರ್ವಕ್ಕೆ ಹರಿದು ಕಾವೇರಿಗೆ ನೀರನ್ನು ಕೊಡುವುವು. ಪಾಂಬಾರ್ ಹೊಳೆಯಲ್ಲಿ ದೊರೆತ ಎಳೆಯ ಮಶೀರ್ ಮೀನುಗಳನ್ನು ಪರೀಕ್ಷಿಸಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ಶಾಸ್ತ್ರಜ್ಞರು ೨೦೧೦ರ ಸಂಚಿಕೆಯೊಂದರಲ್ಲಿ ಟಾರ್ ರೆಮಾದೇವಿಯೈ ಎಂಬ ಹೊಸ ಜಾತಿಯನ್ನು ವರ್ಣಿಸಿದರು. ಮೀನುಗಳ ವರ್ಗೀಕರಣದಲ್ಲಿ ದುಡಿದ ಕೆ. ರೆಮಾದೇವಿ ಅವರ ಗೌರವಾರ್ಥವಾಗಿ ಈ ಹೆಸರನ್ನು ಇಡಲಾಯಿತು. ಆಗ ಇದು ಕಾವೇರಿಯ ಪ್ರಸಿದ್ಧವಾದ ಮೀನೇ ಎಂಬುದು ತಿಳಿದಿರಲಿಲ್ಲ.

ಮುಂದೆ ಭಾರತ ಮತ್ತು ಇಂಗ್ಲೆಂಡಿನ ಶಾಸ್ತ್ರಜ್ಞರು ಕೂಡಿ ಮೋಯಾರ್ ಹೊಳೆಯ ಡುಬ್ಬದ ಮಶೀರುಗಳನ್ನು ಪರೀಕ್ಷಿಸಿದರು. ಮೋಯಾರ್ ಹೊಳೆಯು ಬಂಡೀಪುರದ ಕಾಡಿನ ಎಲ್ಲೆಯಲ್ಲಿ ಹರಿದು ಭವಾನಿಯನ್ನು ಸೇರುವುದು. ಹುರುಪೆಗಳ ಎಣಿಕೆ, ತಲೆ ಬೆನ್ನುಗಳ ಆಕಾರ, ಕಣ್ಣಿನ ಸ್ಥಾನ ಮೊದಲಾದುವುಗಳನ್ನು ಅಳೆದು, ಡಿಎನ್‌ಎ ಪರೀಕ್ಷೆಯನ್ನೂ ನಡೆಸಿ, ಡುಬ್ಬದ ಮಶೀರ್ ಮತ್ತು ಪಾಂಬಾರಿನ ಮೀನು ಒಂದೇ ಜಾತಿಯೆಂದು ೨೦೧೮ರಲ್ಲಿ ಪ್ರಕಟಿಸಿದರು. ಮೊದಲು ಕೊಟ್ಟ ಹೆಸರೇ ನಿಲ್ಲತಕ್ಕದ್ದೆಂಬ ನಿಯಮದಂತೆ ಎಳೆಯ ಮೀನುಗಳಿಗೆ ಇಟ್ಟ ಹೆಸರು ಐವತ್ತು ಕಿಲೋಗ್ರಾಂ ತೂಗುವ ಮೀನಿಗೂ ಸಂದಿತು.

ವಿಳಂಬದ ಫಲ

ಹೆಸರು ಬಂದ ವರ್ಷವೇ, ಎಂದರೆ ೨೦೧೮ರಲ್ಲಿಯೇ, ಈ ಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯಕ್ಕೆ ಒಳಗಾದ ಜಾತಿಗಳ ವರ್ಗಕ್ಕೆ ಸೇರಿಸಲಾಯಿತು. ಜಾತಿಯು ನಿಶ್ಚಯವಾಗದೆ ಇಂತಹ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ಸಾಧ್ಯವಿಲ್ಲ. ಅಷ್ಟರಲ್ಲಿ ಕಾವೇರಿಯಲ್ಲಿ ಬಹಳ ಬದಲಾವಣೆ ನಡೆದುಹೋಗಿತ್ತು.

ಮಶೀರುಗಳ ಸಂಖ್ಯೆಯು ಕಡಿಮೆಯಾಗುತ್ತಿರುವುದನ್ನು ಕಂಡು, ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿ ಬೆಳೆಸಿದ ನೀಲಿ ರೆಕ್ಕೆಯ ಮಶೀರಿನ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಉದ್ದೇಶವು ಒಳ್ಳೆಯದೇ ಆಗಿದ್ದಿತು. ಮಶೀರ್ ಎಂದರೆ ಒಂದೇ ಎಂಬ ಭಾವನೆಯಿಂದ ಹಾಗೆ ಮಾಡಿದುದು. ಆದರೆ ನೀಲಿ ರೆಕ್ಕೆಯದು ಸೈಕ್ಸ್ ಅವರು ೧೮೩೯ರಲ್ಲಿ ವರ್ಣಿಸಿದ ಟಾರ್ ಖುದ್ರೀ ಎಂಬ ಬೇರೆಯೇ ಜಾತಿ. ಹೊಸ ನೀರಿನಲ್ಲಿ ಅದು ಚೆನ್ನಾಗಿ ಹೆಚ್ಚಿತು.

ಸಂಗಮದ ಕೆಳಗಣ ಗಾಲಿಬೋರೆಯಲ್ಲಿ, ಹನೂರಿನ ಕಾಡಿಗೆ ಎದುರು ದಡದಲ್ಲಿ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುವ ಪದ್ಧತಿಯ ಗಾಳದ ಶಿಬಿರವೊಂದು ನಡೆಯುತ್ತಿದ್ದಿತು. ಅಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕದಂತೆ ೨೩,೬೨೦ ಗಂಟೆಗಳ ಕಾಲ ಗಾಳ ಹಾಕಿ ೬,೧೬೧ ಮಶೀರುಗಳನ್ನು ಹಿಡಿದು ಬಿಡಲಾಗಿದೆ. ಅವುಗಳಲ್ಲಿ ಅತಿ ದೊಡ್ಡದು ೪೬.೮ ಕಿಲೋಗ್ರಾಂ ತೂಗಿತು. ಈ ಅವಧಿಯಲ್ಲಿ ಸಿಕ್ಕುವ ಮಶೀರುಗಳ ಒಟ್ಟು ಸಂಖ್ಯೆಯು ಹೆಚ್ಚಿತು. ಲೆಕ್ಕವನ್ನು ಮೇಲುಮೇಲಾಗಿ ನೋಡಿದವರಿಗೆ ನದಿಯು ಸುಧಾರಿಸಿತೆಂದೇ ತೋರುವುದು. ಎರಡು ಬಗೆಗಳನ್ನು ಬೇರೆಯಾಗಿ ಎಣಿಸಿದಾಗ, ಹೆಚ್ಚಿದುದು ನೀಲಿ ರೆಕ್ಕೆಯದು, ಕ್ಷೀಣಿಸಿದುದು ಡುಬ್ಬದ ಮಶೀರ್ ಎಂಬುದು ಹೊರಬಿದ್ದಿತು. ಸಿಕ್ಕಿದ ಡುಬ್ಬದ ಮಶೀರುಗಳೂ ಹೆಚ್ಚಾಗಿ ವಯಸ್ಸಾದ ದೊಡ್ಡ ಮೀನುಗಳೇ; ಅವುಗಳ ಸ್ಥಾನಕ್ಕೆ ಬರಬೇಕಾದ ಮರಿಗಳು ಕಾಣದಾಗಿದ್ದುವು. ಬಿತ್ತನೆಯ ಬೀಜದಲ್ಲಿ ಬೆರಕೆಯಿರುವುದನ್ನು ಅರಿಯದೆ ಕಣಜದ ಅಳತೆಯನ್ನು ಮಾತ್ರ ನೋಡಿ ಸಂತೋಷಪಟ್ಟ ರೈತನ ಸ್ಥಿತಿಗೆ ಇದನ್ನು ಹೋಲಿಸಬಹುದು.

ಅಣೆಕಟ್ಟುಗಳಿಂದ ನೀರಿನ ಹರಿವು ಬದಲಾಗುವುದು, ಮೊಟ್ಟೆಯಿಡುವ ಕಲ್ಲುಮರಳಿನ ನೆಲೆಗಳಿಂದ ಮರಳನ್ನು ಎತ್ತುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇವೂ ಈ ಮೀನಿಗೆ ಒದಗಿರುವ ಕಂಟಕಗಳು. ಸಿಡಿಮದ್ದಿನಿಂದ ದೊಡ್ಡ ಮೀನಿನೊಂದಿಗೆ ಮರಿಗಳೂ, ಏಡಿ ಸೀಗಡಿಗಳೂ ಒಮ್ಮೆಗೇ ನಾಶವಾಗುವುವು. ನೀರಿಗೆ ಸಿಡಿಮದ್ದು ಅಥವಾ ವಿಷವನ್ನು ಹಾಕಿ ಮೀನು ಹಿಡಿಯುವುದನ್ನು ೧೮೯೭ರ ಭಾರತ ಮೀನುಗಾರಿಕಾ ಕಾಯಿದೆಯೇ ಅಪರಾಧವೆಂದು ವಿಧಿಸಿತು.

ರೈತರೂ ಬೆಸ್ತರೂ ಗಮನಿಸತಕ್ಕ ಅಂಶಗಳು

೧. ಕೆರೆಯಲ್ಲಿ ಸಾಕಲು ತಂದ ಮೀನುಮರಿಗಳನ್ನು ಹೊಳೆಗೆ ಬಿಡಕೂಡದು. ಕೋಡಿ ಬಿದ್ದಾಗ ಅವು ಹಳ್ಳಕ್ಕೆ ಹರಿದುಹೋಗದಂತೆ ಜಾಲರಿಯನ್ನು ಕಟ್ಟುವುದು ಲೇಸು. ಗಾಜಿನ ತೊಟ್ಟಿಯ ಅಲಂಕಾರದ ಮೀನುಗಳ ವಿಷಯವೂ ಇಷ್ಟೇ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯು ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ.

೨. ಹೊಳೆಗೆ ಮೀನುಮರಿಗಳನ್ನು ಬಿಡುವ ಯೋಜನೆಯು ಯಾವ ಸಂಘದಿಂದ ನಡೆದರೂ, ಮರಿಗಳ ಜಾತಿ ಯಾವುದು, ಅವು ಯಾವ ನದಿಯ ಸಂತತಿ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

೩. ಹಿಂದೆ ಕಾಣದ ಮೀನು, ಏಡಿ ಅಥವಾ ಸೀಗಡಿಯು ಕಂಡರೆ ಅದನ್ನು ಕೊಲ್ಲದೆ, ಪಕ್ಕದಿಂದಲೂ ಮೇಲಿನಿಂದಲೂ ಒಂದೊಂದು ಛಾಯಾಚಿತ್ರವನ್ನು ತೆಗೆದು, ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನು ಇಡಬೇಕು. ಊರು, ಹಳ್ಳ ಅಥವಾ ಕೆರೆಯ ಹೆಸರು, ತಾರೀಖು, ನೀರಿನ ಸ್ಥಿತಿ ಮತ್ತು ಆ ಊರಿನಲ್ಲಿ ಆ ಪ್ರಾಣಿಗೆ ಕರೆಯುವ ಹೆಸರು ಇವಿಷ್ಟನ್ನು ಬರೆದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಬೇಕು. ಸ್ಥಳ ತಿಳಿಯದ ಮಾದರಿಯಿಂದ ಶಾಸ್ತ್ರಕ್ಕೆ ಪ್ರಯೋಜನವು ಅಲ್ಪ.

೪. ಬಲೆಗೆ ಡುಬ್ಬವುಳ್ಳ, ಕಿತ್ತಳೆ ರೆಕ್ಕೆಯ ಮಶೀರ್ ಸಿಕ್ಕಿದರೆ ಅದನ್ನು ನೀರಿನಿಂದ ಹೆಚ್ಚು ಹೊತ್ತು ಹೊರಗಿಡದೆ ಮಡುವಿಗೇ ಬಿಡತಕ್ಕದ್ದು. ವನ್ಯಜೀವಿಧಾಮದ ಎಲ್ಲೆಯೊಳಗೆ ಮೀನು ಹಿಡಿಯಲು ಹೋಗಕೂಡದು.

೫. ಗದ್ದೆಗೆ ಹೊಡೆಯುವ ಕೀಟನಾಶಕದ ಡಬ್ಬಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಕಾಲುವೆಯಲ್ಲಿ ತೊಳೆಯಕೂಡದು. ಏಡಿ ಸೀಗಡಿಗಳು ಇಂತಹ ವಿಷಕ್ಕೆ ಬಹುಬೇಗನೆ ಬಲಿಯಾಗುವುವು.

ಡುಬ್ಬದ ಮಶೀರಿಗೆ ಹೆಸರು ತಡವಾಗಿಯಾದರೂ ದೊರೆತಿದೆ. ಹೆಸರು ಬರುವುದಕ್ಕೆ ಮೊದಲೇ ತೀರಿಹೋಗುವ ಪ್ರಾಣಿಯು ಇತ್ತೆಂಬುದಕ್ಕೂ ಗುರುತು ಉಳಿಯದು. ಸುವರ್ಣಾವತಿಯ ದಡದಲ್ಲಿಯೂ, ಹನೂರಿನ ಹಳ್ಳಗಳಲ್ಲಿಯೂ ದಿನಬೆಳಗಾದರೆ ನೀರನ್ನು ನೋಡುವವರು ರೈತರು ಮತ್ತು ಬೆಸ್ತರು. ಅವರು ಕಂಡುದನ್ನು ಸಕಾಲದಲ್ಲಿ ತಿಳಿಸಿದರೆ ಶಾಸ್ತ್ರಜ್ಞರ ಕೆಲಸವು ಸುಲಭವಾಗುವುದಲ್ಲದೆ, ಕಾವೇರಿಯಲ್ಲಿ ಆದಂತಹ ತಪ್ಪು ಇನ್ನೊಂದು ಹೊಳೆಯಲ್ಲಿ ಆಗದಂತೆ ತಡೆಯುವುದೂ ಸಾಧ್ಯವಾಗುವುದು.