ಲಾಂಗ್ ರನ್ ಇರುವ ಮನೆಯ ಭಾನುವಾರ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಮೊದಲ ಸಲ ಓಡುವವರ ತಯಾರಿ ಸಾಮಾನ್ಯವಾಗಿ 16ರಿಂದ 18 ವಾರ ಹಿಡಿಯುತ್ತದೆ. ಅದಕ್ಕೂ ಮುಂಚೆ ವಾರಕ್ಕೆ 25 ಕಿಲೋಮೀಟರ್ ಆದರೂ ಓಡುವ ರೂಢಿ ಇರಬೇಕು. ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ಶುರುಮಾಡುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳುವುದು ಕ್ಷೇಮ. ವಾರದ ನಾಲ್ಕು ಓಟಗಳಲ್ಲಿ ಮೂರು ನಸುಕಿನಲ್ಲೇ, ಆಫೀಸಿಗೆ ಹೊರಡುವ ಮುಂಚೆ ಮುಗಿದುಹೋಗುತ್ತವೆ. ಬಾತ್‌ರೂಮಿನ ಬಾಗಿಲಿಗೆ ನೇತುಹಾಕಿದ ಒದ್ದೆ ಬನಿಯನ್ ನೋಡಿದರಷ್ಟೇ ಮನೆಯವರಿಗೆ ಅವು ಗೊತ್ತಾಗುವುದು. ನಾಲ್ಕನೆಯದು ಭಾನುವಾರದ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ. ಸಂಸಾರಸ್ಥರ ಮನೆಯಲ್ಲಿ ಮ್ಯಾರಥಾನ್ ಎಂದರೆ ಅದೊಂದೇ.

ಲಾಂಗ್ ರನ್ 12–14 ಕಿಲೋಮೀಟರಿನಿಂದ ಶುರುವಾಗಿ ಸ್ಪರ್ಧೆಗೆ ಮೂರು ವಾರ ಇರುವಾಗ 30–32ಕ್ಕೆ ಮುಟ್ಟುತ್ತದೆ. ಕಿಲೋಮೀಟರಿಗೆ ಏಳು ನಿಮಿಷದ ವೇಗದಲ್ಲಿ 30 ಕಿಲೋಮೀಟರ್ ಎಂದರೆ ಮೂರೂವರೆ ಗಂಟೆ. ಬೆಳಿಗ್ಗೆ ಐದಕ್ಕೆ ಶುರುಮಾಡಿದರೆ ಒಂಬತ್ತೂಕಾಲರ ಹೊತ್ತಿಗೆ ಮನೆ ಸೇರಬಹುದು, ಇಡೀ ದಿನ ಉಳಿಯಿತಲ್ಲ ಎಂಬುದು ಓಡುವವರ ವಾದ. ಮನೆಯವರ ಲೆಕ್ಕ ಬೇರೆ, ಮತ್ತು ಸರಿಯಾದ ಲೆಕ್ಕ ಅವರದೇ. ಶನಿವಾರ ರಾತ್ರಿ ಏಳಕ್ಕೇ ಊಟ, ಒಂಬತ್ತೂವರೆಗೆ ದೀಪ ಆರಿಸಬೇಕು, ಮಕ್ಕಳು ಕಾದಿದ್ದ ಸಿನಿಮಾ ಅರ್ಧಕ್ಕೇ ನಿಲ್ಲುತ್ತದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಗೊರಕೆ. ಸಂಜೆ ಚಿಕ್ಕಮ್ಮನ ಮನೆಗೆ ಹೋಗೋಣವೆಂದರೆ ಅವರದು ಮೂರನೇ ಮಹಡಿ, ಲಿಫ್ಟ್ ಇಲ್ಲ, ತೊಡೆ ಒಪ್ಪುವುದಿಲ್ಲ. ಮೂರೂವರೆ ಗಂಟೆಯ ಓಟ ನಿಜವಾಗಿ ತಿನ್ನುವುದು ಶನಿವಾರ ಸಂಜೆಯಿಂದ ಭಾನುವಾರ ಸಂಜೆಯ ತನಕದ ಹೊತ್ತನ್ನು. ಆದ್ದರಿಂದ ಮನೆಯವರೊಂದಿಗೆ ಮಾತಾಡಿ ಹೊಂದಿಸಿಕೊಳ್ಳಬೇಕಾದದ್ದು ಓಟದ ಸಮಯವನ್ನಲ್ಲ, ಅದರ ಹಿಂದುಮುಂದಿನ ಸಮಯವನ್ನು.

ಈ ಹಿಂದುಮುಂದನ್ನು ಕಿರಿದು ಮಾಡಲು ದಾರಿಗಳಿವೆ. ಮೊದಲನೆಯದು ವೇಗ. ಲಾಂಗ್ ರನ್ ಪಕ್ಕದವರ ಜೊತೆ ಏದುಸಿರಿಲ್ಲದೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡುವಂಥದ್ದು. ಗುಂಪಿನಲ್ಲಿ ಹುರುಪು ಬಂದು ಸ್ಪರ್ಧೆಯಂತೆ ಓಡಿದವರೇ ಮಧ್ಯಾಹ್ನ ಸೋಫಾದ ಮೇಲೆ ಬಿದ್ದಿರುತ್ತಾರೆ. ನಿಧಾನವಾಗಿ ಓಡಿ, ಮನೆಗೆ ಬಂದ ಒಂದು ಗಂಟೆಯೊಳಗೆ ಸರಿಯಾಗಿ ತಿಂದವರಿಗೆ ಅರ್ಧ ಗಂಟೆಯ ನಿದ್ದೆ ಸಾಕಾಗುತ್ತದೆ. ಎರಡನೆಯದು ಜಾಗ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಬಿಡುವುದಿಲ್ಲ, ಮರದ ನೆರಳಿದೆ, ಜೊತೆಗೆ ಜನರಿದ್ದಾರೆ. ಆದರೆ ಯಲಹಂಕದಿಂದಲೋ ಕೆಂಗೇರಿಯಿಂದಲೋ ಅಲ್ಲಿಗೆ ಹೋಗಿಬರುವುದಕ್ಕೇ ಒಂದೂವರೆ ಗಂಟೆ ಬೇಕು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಉಳಿದ ವಾರಗಳಲ್ಲಿ ಮನೆಯ ಬಾಗಿಲಿನಿಂದಲೇ ಓಟ ಶುರುಮಾಡುವುದು ಮೇಲು. ಬೀದಿನಾಯಿಗಳ ಕಾಟ ಇದ್ದದ್ದೇ.

ಮೂರನೆಯದು ದಿನ ಬದಲಿಸುವುದು. ಲಾಂಗ್ ರನ್ ಭಾನುವಾರವೇ ಆಗಬೇಕೆಂಬ ನಿಯಮ ದೇಹಕ್ಕಿಲ್ಲ, ಇರುವುದು ಗುಂಪುಗಳಿಗೆ. ಶನಿವಾರ ರಜೆ ಇರುವವರು ಶನಿವಾರವೇ ಓಡಿ ಮುಗಿಸಿದರೆ ಭಾನುವಾರ ಪೂರ್ತಿ ಮನೆಗೆ ಸಿಗುತ್ತದೆ. ಶುಕ್ರವಾರ ರಾತ್ರಿ ಬೇಗ ಮಲಗುವುದರಿಂದ ಯಾರಿಗೂ ಅಷ್ಟಾಗಿ ನಷ್ಟವಿಲ್ಲ. ಇದನ್ನು ಬರೆಯುತ್ತಿರುವವನ ಮನೆಯಲ್ಲಿ ಹೆಚ್ಚು ಶಾಂತಿ ತಂದದ್ದು ಈ ಒಂದು ಬದಲಾವಣೆ. ಗುಂಪಿನ ಗೆಳೆಯರು ತಪ್ಪುತ್ತಾರೆ, ಎಂಟರ ಮೇಲೆ ರಸ್ತೆಯಲ್ಲಿ ಸ್ಕೂಲ್ ಬಸ್ಸುಗಳು ಹೆಚ್ಚುತ್ತವೆ. ಅಷ್ಟು ಸಹಿಸಿಕೊಳ್ಳಬಹುದು.

ಮನೆಗೆಲಸದ ಪ್ರಶ್ನೆಯನ್ನು ತರಬೇತಿಯ ಪುಸ್ತಕಗಳು ಎತ್ತುವುದಿಲ್ಲ. ಓಡಲು ಹೋದವರ ಪಾಲಿನ ಕೆಲಸ ಮನೆಯಲ್ಲಿ ಉಳಿದವರ ತಲೆಗೆ ಬರುತ್ತದೆ: ಹಾಲು, ತಿಂಡಿ, ಮಗುವಿನ ಚಿತ್ರಕಲೆ ಕ್ಲಾಸು, ಭಾನುವಾರವೇ ರಜೆ ಹಾಕುವ ಕೆಲಸದವರು. ಓಡುವುದು ಗಂಡಸಾದರೆ ಬರುವ ಹೊತ್ತಿಗೆ ತಿಂಡಿ ಮೇಜಿನ ಮೇಲಿರುತ್ತದೆ. ಓಡುವುದು ಹೆಂಗಸಾದರೆ ಶನಿವಾರ ರಾತ್ರಿಯೇ ದೋಸೆ ಹಿಟ್ಟು ರುಬ್ಬಿ, ಚಟ್ನಿಗೆ ಕಾಯಿ ತುರಿದು ಫ್ರಿಜ್ಜಿನಲ್ಲಿಟ್ಟು, ನಾಲ್ಕೂವರೆಗೆ ಶೂ ಲೇಸು ಕಟ್ಟಿಕೊಳ್ಳುತ್ತಾಳೆ. ಒಂದೇ ಓಟದ ಉದ್ದ ಎರಡು ಮನೆಗಳಲ್ಲಿ ಎರಡು ಬಗೆ. “ಹೋಗಿ ಬರಲಾ?” ಎಂದು ಅಪ್ಪಣೆ ಕೇಳುವುದಕ್ಕಿಂತ ಶನಿವಾರದ ತರಕಾರಿ, ದಿನಸಿ, ಬಟ್ಟೆ ಇಸ್ತ್ರಿಯನ್ನು ಪೂರ್ತಿ ವಹಿಸಿಕೊಳ್ಳುವುದು ನ್ಯಾಯ. ಅಪ್ಪಣೆಯಿಂದ ಇನ್ನೊಬ್ಬರ ಕೆಲಸ ಕಡಿಮೆಯಾಗುವುದಿಲ್ಲ.

ಇನ್ನು ಪಂಚಾಂಗ. ಕರ್ನಾಟಕದ ಬಹಳಷ್ಟು ಓಟಗಾರರು ಗುರಿಯಿಟ್ಟುಕೊಳ್ಳುವ ಮುಂಬೈ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು, ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿಂದ 18 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯ. ಗಣೇಶನ ಹಬ್ಬದ ಆಸುಪಾಸು ಶುರುವಾದ ತಯಾರಿ ದಸರಾ, ದೀಪಾವಳಿಗಳನ್ನು ದಾಟಿ, ನವೆಂಬರಿನ ಮದುವೆ ಸೀಸನ್‌ಗೆ ಬಂದು ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಏಳೂವರೆಯ ಮುಹೂರ್ತ, ಅದೂ ಹತ್ತಿರದ ಸಂಬಂಧ ಎಂದರೆ ಲಾಂಗ್ ರನ್ ಬಿಡಲೇಬೇಕು. ಬಿಡುವುದರಿಂದ ಹಾನಿಯೂ ಇಲ್ಲ. ಪ್ರತಿ ಮೂರು–ನಾಲ್ಕು ವಾರಕ್ಕೊಮ್ಮೆ ದೂರವನ್ನು ಇಳಿಸುವುದು ತರಬೇತಿಯ ಭಾಗವೇ. ಆ ಇಳಿಕೆಯ ವಾರಗಳನ್ನು ಮೊದಲೇ ಹಬ್ಬಕ್ಕೂ ಮದುವೆಗೂ ಹೊಂದಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಆಯಿತು. ತಪ್ಪಿಹೋದ ಓಟವನ್ನು ಮುಂದಿನ ವಾರ ದುಪ್ಪಟ್ಟು ಓಡಿ ತೀರಿಸಲು ಹೋಗುವುದು ಮಾತ್ರ ಮೊಣಕಾಲಿಗೆ ಕೇಡು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗಳಿಲ್ಲ. ಕಡೆಯ ದೊಡ್ಡ ಲಾಂಗ್ ರನ್ ಬೀಳುವುದು ಡಿಸೆಂಬರಿನ ಕೊನೆಯ ವಾರದಲ್ಲಿ, ಧನುರ್ಮಾಸದ ನಡುವೆ. ಮುಹೂರ್ತದ ತೊಂದರೆ ಇಲ್ಲದಿದ್ದರೂ ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಊರಿಗೆ ಹೋಗುವುದಾದರೆ ಶೂ ಜೊತೆಗಿರಲಿ. ಕೆರೆಯ ಏರಿ, ತೋಟದ ದಾರಿಗಳಲ್ಲಿ 30 ಕಿಲೋಮೀಟರ್ ಓಡುವುದು ಬೆಂಗಳೂರಿನ ಹೊಗೆಯಲ್ಲಿ ಓಡುವುದಕ್ಕಿಂತ ಹಿತ.

ಓಟದ ಜೊತೆಗೇ ತೂಕವೂ ಇಳಿಯಲಿ ಎಂಬ ಆಸೆ ಸಹಜ, ಆದರೆ ತೂಕ ಇಳಿಸುವುದು ಪ್ರತ್ಯೇಕ ವಿಷಯ. ಅದನ್ನು ಮ್ಯಾರಥಾನ್ ತಯಾರಿಯ ಜೊತೆ ಬೆರೆಸುವುದರಿಂದಲೇ ಎರಡೂ ಕೆಡುವುದು. ಓಟಕ್ಕೆ ಖರ್ಚಾಗುವ ಶಕ್ತಿ ಅಂದಾಜಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಒಂದು ಕಿಲೋಕ್ಯಾಲೊರಿ. ಅಂದರೆ 80 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ 800. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಬೇಕು. ವಾರಕ್ಕೆ 40 ಕಿಲೋಮೀಟರ್ ಓಡಿದರೂ ಕಾಗದದ ಮೇಲೆ ಕರಗುವುದು 400 ಗ್ರಾಂ. ಲಾಲ್‌ಬಾಗ್ ಸುತ್ತಿ ಬಂದು ಹೋಟೆಲಿನಲ್ಲಿ ಮಸಾಲೆ ದೋಸೆ, ಜೊತೆಗೊಂದು ಕೇಸರಿಬಾತ್, ಮೇಲೆ ಕಾಫಿ ಆದರೆ 10 ಕಿಲೋಮೀಟರಿನ ಬಹುಪಾಲು ವಾಪಸ್ ಬಂದಂತೆಯೇ. ದೂರ ಹೆಚ್ಚಿದಂತೆ ಹಸಿವೂ ಹೆಚ್ಚುತ್ತದೆ. ಇಷ್ಟು ಓಡಿದೆನಲ್ಲ, ತಿಂದರೇನಂತೆ ಎಂಬ ಧೈರ್ಯ ಅದಕ್ಕಿಂತ ಹೆಚ್ಚು. ನಾಲ್ಕು ತಿಂಗಳು ತಯಾರಿ ಮಾಡಿಯೂ ತೂಕ ಕದಲದೆ ಇರುವುದಕ್ಕೆ ಇದೇ ಕಾರಣ.

ಹಾಗೆಂದು ದೂರ ಹೆಚ್ಚುತ್ತಿರುವ ವಾರಗಳಲ್ಲಿ ಊಟ ಕಡಿತ ಮಾಡುವುದು ಅಪಾಯ. ವ್ಯಾಯಾಮಕ್ಕೆ ತಕ್ಕಷ್ಟು ಆಹಾರವಿಲ್ಲದಾಗ ಮೂಳೆ ಬಿರುಕು, ಪದೇಪದೇ ನೆಗಡಿ, ಹೆಂಗಸರಲ್ಲಿ ಮುಟ್ಟಿನ ಏರುಪೇರು, ವಿನಾಕಾರಣ ಸಿಡಿಮಿಡಿ ಕಾಣಿಸಿಕೊಳ್ಳುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರು ಕೊಟ್ಟಿತು. ಸಿಡಿಮಿಡಿಯ ಪಾಲು ಮೊದಲು ಸಿಗುವುದು ಮಕ್ಕಳಿಗೆ. ತೂಕ ಇಳಿಸಲು ಒಳ್ಳೆಯ ಕಾಲವೆಂದರೆ ತಯಾರಿ ಶುರುವಾಗುವ ಮುಂಚಿನ ಮಳೆಗಾಲ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇರುವುದಿಲ್ಲ, ಹೋಳಿಗೆ ಊಟಗಳ ಕಾಟ ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ದಿನಕ್ಕೆ 500 ಕಿಲೋಕ್ಯಾಲೊರಿಯಷ್ಟು ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ ಹತ್ತಿರ ಇಳಿಯುತ್ತದೆ. ಸೆಪ್ಟೆಂಬರಿನಿಂದ ಆಚೆಗೆ ಇಳಿದಷ್ಟನ್ನು ಕಾಪಾಡಿಕೊಂಡರೆ ಸಾಕು.

ಎಲ್ಲಿ ಕಡಿಮೆ ಮಾಡಬೇಕು ಎಂಬುದಕ್ಕೂ ಮನೆಯ ಭಾನುವಾರಕ್ಕೂ ನೇರ ಸಂಬಂಧವಿದೆ. ಭಾನುವಾರ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಒಂದೇ ಊಟದಲ್ಲಿ ಒಬ್ಬರು ಓಟ್ಸ್ ಬಟ್ಟಲು ಹಿಡಿದು ಕೂತರೆ ಅಡುಗೆ ಮಾಡಿದವರಿಗೆ ಬೇಸರ, ಕೂತವರಿಗೂ ರುಚಿಯಿಲ್ಲ. ಲಾಂಗ್ ರನ್ ಆದ ದಿನ ದೇಹಕ್ಕೆ ಅನ್ನ ಬೇಕೇ ಬೇಕು. ಅಂದು ಎಲ್ಲರ ಊಟವನ್ನೇ ಉಂಡು, ಬಿಗಿಯನ್ನು ಓಟವಿಲ್ಲದ ವಾರದ ದಿನಗಳಿಗೆ ಇಡಬೇಕು. ರಾತ್ರಿ ಅನ್ನ ಅರ್ಧಕ್ಕೆ ಇಳಿಸಿ ಪಲ್ಯ, ಕೋಸಂಬರಿ ಹೆಚ್ಚಿಸುವುದು, ಆಫೀಸಿನ ಸಂಜೆಯ ಬಜ್ಜಿ-ಬೋಂಡ ಬಿಡುವುದು. ದಿನಕ್ಕೆ ನಾಲ್ಕು ಕಾಫಿ, ತಲಾ ಎರಡು ಚಮಚ ಸಕ್ಕರೆ ಎಂದರೆ ಅದರಲ್ಲೇ 130 ಕಿಲೋಕ್ಯಾಲೊರಿ ಹತ್ತಿರ ಇದೆ. ಪ್ರೋಟೀನ್ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. ಅದು ಸಾರಿನ ತಿಳಿಯಲ್ಲಿಲ್ಲ, ತಳದ ಬೇಳೆಯಲ್ಲಿದೆ. ಕಾಳಿನ ಹುಳಿ, ಮೊಸರು, ಮೊಟ್ಟೆ, ತಿನ್ನುವವರಿಗೆ ಮೀನು, ಕೋಳಿ. ಯಾವುದಕ್ಕೂ ಬೇರೆ ಒಲೆ ಹಚ್ಚಬೇಕಿಲ್ಲ.

ತೂಕ ನೋಡುವ ದಿನ ಯಾವುದು ಎಂಬುದೂ ಮುಖ್ಯ. ಲಾಂಗ್ ರನ್ ಮುಗಿದ ತಕ್ಷಣ ಯಂತ್ರ ಹತ್ತಿದರೆ ಒಂದೂವರೆ ಕಿಲೋ ಕಡಿಮೆ ತೋರಿಸಬಹುದು. ಹೋದದ್ದು ಬಹುತೇಕ ಬೆವರು. ಸೋಮವಾರ ಬೆಳಿಗ್ಗೆ ಅಷ್ಟೂ ವಾಪಸ್, ಕೆಲವೊಮ್ಮೆ ಇನ್ನೂ ಹೆಚ್ಚು. ಸ್ನಾಯುಗಳಲ್ಲಿ ಸೇರುವ ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಪ್ಪಳ-ಉಪ್ಪಿನಕಾಯಿಯ ಉಪ್ಪು ಮತ್ತಷ್ಟು ಹಿಡಿಯುತ್ತದೆ. ಭಾನುವಾರದ ಊಟವನ್ನು ದೂರುವವರು ನೋಡುತ್ತಿರುವುದು ನೀರಿನ ತೂಕವನ್ನು. ಗುರುವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ ನೋಡಿ, ವಾರದಿಂದ ವಾರಕ್ಕೆ ಹೋಲಿಸಿದರೆ ನಿಜ ತಿಳಿಯುತ್ತದೆ. ಸೊಂಟಕ್ಕೆ ಟೇಪು ಹಿಡಿದು ಅಳೆಯುವುದು ಇನ್ನೂ ನಂಬಿಕೆಯ ವಿಧಾನ.

ಮುಂಬೈ ಓಟದ ವಾರದಲ್ಲೇ ಅಥವಾ ಅದರ ಅಂಚಿನಲ್ಲೇ ಸಂಕ್ರಾಂತಿ. ಸ್ಪರ್ಧೆಗೆ ಮುಂಚಿನ ಎರಡು ದಿನ ಅನ್ನ, ಇಡ್ಲಿ, ಬಾಳೆಹಣ್ಣುಗಳಂಥ ಪಿಷ್ಟವನ್ನು ಬೇಕೆಂದೇ ಹೆಚ್ಚು ತಿನ್ನಬೇಕು, ಎಣ್ಣೆ, ತುಪ್ಪ, ನಾರಿನ ಪದಾರ್ಥ ಕಡಿಮೆ ಇರಬೇಕು. ಹುಗ್ಗಿ ಇದಕ್ಕೆ ಸರಿಹೊಂದುತ್ತದೆ, ತುಪ್ಪ ಮಿತಿಯಲ್ಲಿದ್ದರೆ. ಎಳ್ಳುಬೆಲ್ಲದ ಕೊಬ್ಬರಿ, ಕಡಲೆಕಾಯಿ ಬೀಜ ಹೊಟ್ಟೆಗೆ ಭಾರ, ಡಬ್ಬಿಯಲ್ಲಿ ಎತ್ತಿಟ್ಟು ಓಟದ ನಂತರ ತಿನ್ನಬಹುದು. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗುವುದಾದರೆ ರಸ್ತೆ ಬದಿ ನಿಂತು ಕಾಯುವ ಕೆಲಸವನ್ನು ಅವರಿಗೆ ಹಚ್ಚಬಾರದು. ಒಂದು ಜಾಗ, ಒಂದು ಸಮಯ ಹೇಳಿ, ಉಳಿದ ಹೊತ್ತು ಅವರ ಪಾಡಿಗೆ ಮುಂಬೈ ನೋಡಲು ಬಿಡುವುದು ಒಳ್ಳೆಯದು.

ಸ್ಪರ್ಧೆಯ ಬಳಿಕ ಎರಡು–ಮೂರು ವಾರ ಲಾಂಗ್ ರನ್ ಇಲ್ಲ. ಭಾನುವಾರಗಳು ಮನೆಗೆ ಪೂರ್ತಿ ಸಿಗುವ ಕಾಲ ಇದು. ಇಳಿಸಿದ ತೂಕ ಮರಳಿ ಏರುವುದೂ ಹೆಚ್ಚಾಗಿ ಈ ವಾರಗಳಲ್ಲೇ. ಓಟ ನಿಂತ ದಿನವೇ ಹಸಿವು ನಿಲ್ಲುವುದಿಲ್ಲ, ತಟ್ಟೆಯ ಅಳತೆ ತಯಾರಿಯ ಕಾಲದ್ದೇ ಉಳಿದಿರುತ್ತದೆ. ಮೊದಲ ವಾರ ನಡಿಗೆ, ಎರಡನೇ ವಾರದಿಂದ ಅರ್ಧ ಗಂಟೆಯ ಹಗುರ ಓಟ ವಾರಕ್ಕೆ ಮೂರು ಸಲ ಇದ್ದು, ರಾತ್ರಿಯ ಅನ್ನ ಮಳೆಗಾಲದ ಅಳತೆಗೆ ಇಳಿದರೆ ತೂಕ ಹೆಚ್ಚೇನೂ ಕದಲುವುದಿಲ್ಲ.