ಊರಿಗೆ ಹೋಗುವಾಗ ಬೆಕ್ಕಿನ ವ್ಯವಸ್ಥೆ

ರಜೆಗೆ ಊರಿಗೆ ಹೊರಟಾಗ ನಾವು ಬೆಕ್ಕಿಗೆ ಎರಡು ಬಟ್ಟಲು ತುಂಬ ಆಹಾರವಿಟ್ಟು ಬೀಗ ಹಾಕಿದ್ದೆವು. ಮೂರನೇ ದಿನ ಬಂದು ನೋಡಿದರೆ ನೀರು ಚೆಲ್ಲಿತ್ತು, ಆಹಾರ ಹಾಗೆಯೇ ಇತ್ತು, ಬೆಕ್ಕು ಮಂಚದ ಕೆಳಗಿತ್ತು. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬು ಯಕೃತ್ತಿನಲ್ಲಿ ತುಂಬಿ ಜೀವಕ್ಕೇ ಅಪಾಯ. ದಪ್ಪ ಬೆಕ್ಕಿಗಂತೂ ಹೆಚ್ಚು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸಿನ ಹದೀಸ್ ಬುಖಾರಿಯಲ್ಲಿದೆ. ನಮಗೆ ಅದು ನೆನಪಾದದ್ದು ಆಮೇಲೆ.

ಜಾಗ ಬದಲಾದರೆ ಬೆಕ್ಕು ಬೆದರುತ್ತದೆ. ಆದ್ದರಿಂದ ಮನೆಯಲ್ಲೇ ಬಿಟ್ಟು, ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ದಿನಕ್ಕೊಮ್ಮೆಯಾದರೂ ಬಂದು ನೋಡಲು ಕೇಳಿಕೊಳ್ಳಿ. ಎಷ್ಟು ತಿಂದಿತು, ಮೂತ್ರ ಮಾಡಿತೇ ಎಂದು ಅವರು ನಗದು ಪುಸ್ತಕದ ಹಾಗೆ ಅಂದಂದೇ ಬರೆದಿಡಲಿ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿದರೆ ಮರುದಿನಕ್ಕೆ ಕಾಯಬಾರದು. ಪಶುವೈದ್ಯರ ಫೋನ್ ನಂಬರನ್ನು ಅದೇ ಹಾಳೆಯ ಮೇಲೆ ಬರೆದು ಹೊರಡಿ.